ನಾಲ್ಕನೆಯ ಹೋಳಿಗೆ

ಮೂರನೆಯ ಹೋಳಿಗೆಯನ್ನು ಬೀಗ ಸಂಗನಬಸಪ್ಪ ಮುಷ್ಟಿಯಲ್ಲಿ ಹಿಚುಕಿ ಪಾಂಡಪ್ಪನ ಬಾಯಿಗೆ ತುರುಕಿದ. ಅವನ ತಮ್ಮಂದಿರಿಬ್ಬರು ಪಾಂಡಪ್ಪನ ಕೈಗಳನ್ನು ಬೆನ್ನ ಹಿಂದೆ ತಿರುವಿ ಹಿಡಿದಿದ್ದರು. ಬೀಗರ ಊಟದ ಪಂಕ್ತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

"ತೂಕ ಇಳಿಸೋ ಸೂಜಿ ತಗೋತೇನ್ರಿ. ಹೊಟ್ಟಿಗೆ ಹಿಡಿಯೂದಿಲ್ಲ. ಅರ್ಧ ರೊಟ್ಟಿ, ಕಾಳಪಲ್ಲೆ ಸಾಕಂದಾರ ಡಾಕ್ಟರು," ಎಂದು ಪಾಂಡಪ್ಪ ಕೂರುವಾಗಲೇ ಕೈಮುಗಿದಿದ್ದ. "ಸೂಜಿ ದವಾಖಾನ್ಯಾಗ ಇರ್ಲಿ ಬೀಗರ! ನಮ್ಮ ಹುನಗುಂದದಾಗ ಬೀಗರಿಗೆ ಮಾನ ಕೊಡೂದು ಹಿಂಗ," ಎಂದಿದ್ದ ಸಂಗನಬಸಪ್ಪ. ಈಗ ಹೊಟ್ಟೆಯಲ್ಲಿದ್ದುದೆಲ್ಲ ಗಂಟಲಿಗೆ ಬಂತು. ಪಾಂಡಪ್ಪ ಅದನ್ನು ಮತ್ತೆ ಒಳಗೇ ತಳ್ಳಿದ. ಪಂಕ್ತಿಯಲ್ಲಿ ಕಾರಿದರೆ ಮಗಳು ಈ ಮನೆಯಲ್ಲಿ ಬದುಕಿರುವಷ್ಟು ದಿನ ಅದನ್ನೇ ಕೇಳಬೇಕಾಗುತ್ತದೆ. ಹೋದ ವರ್ಷ ತಾನೂ ಮಗನ ಮಾವನಿಗೆ ಹೀಗೆಯೇ ತುರುಕಿ ನಕ್ಕಿದ್ದ; ಆತ ಕಣ್ಣೀರು ಸುರಿಸುತ್ತ ನುಂಗಿದ್ದು ನೆನಪಾಯಿತು.

ನಾಲ್ಕನೆಯದು ತುಟಿಗೆ ಬರುತ್ತಿದ್ದಂತೆ, ತುಪ್ಪ ಬಡಿಸುತ್ತಿದ್ದ ಮಗಳು ವಿದ್ಯಾ ಹಿತ್ತಾಳೆಯ ಸೌಟಿನಿಂದ ಮಾವನ ಮಣಿಕಟ್ಟಿಗೆ ಬಾರಿಸಿದಳು. ಎಲುಬಿನ ಸದ್ದು ಪಂಕ್ತಿಯ ಕೊನೆಗೂ ಕೇಳಿತು. "ಸಾಕ ಅಂದ್ರ ಸಾಕ್ರಿ, ಮಾವಾರ!"

ಅಳಿಯ ಕಲ್ಲೇಶ ಹಾರಿ ಬಂದು ಅವಳ ಜಡೆ ಜಗ್ಗಿ ಕೈ ಎತ್ತಿದ. ಆ ಕೈ ಕೆಳಗಿಳಿಯಲಿಲ್ಲ. ಇಬ್ಬರು ಗಂಡಸರು ಬಿಗಿಯಾಗಿ ಹಿಡಿದಿದ್ದೇವೆ ಎಂದುಕೊಂಡಿದ್ದ ಪಾಂಡಪ್ಪನ ಕೈ ಅವರ ಹಿಡಿತ ಬಿಡಿಸಿಕೊಂಡು ಬಂದು ಅದನ್ನು ಮೇಲೆಯೇ ಹಿಡಿದು ತಿರುವಿತ್ತು. ಬಾಯಲ್ಲಿ ಉಳಿದಿದ್ದ ಹೋಳಿಗೆಯನ್ನು ಅವನು ಅಳಿಯನ ಎದೆಗೆ ಉಗುಳಿದ.

"ಸೌಟ ಇಳಸವ್ವಾ. ನಡಿ, ನಮ್ಮ ಮನಿಗೆ."