ಭಾನುವಾರದ ಹಾಡುಗಳು

"ಅಕ್ಕಾ, ಈ ಫೋನಲ್ಲಿ ಒಂದು ಹಾಡೂ ಇಲ್ವಲ್ಲ," ಎಂದ ಗಫಾರ್.

ಕವನ ನಕ್ಕಳು. ಪ್ರತಿ ಭಾನುವಾರ ಗಂಡನ ಫೋನಿಗೆ ಹಾಡು ತುಂಬುವವಳು ಅವಳೇ. ಇವತ್ತು ಮಾತ್ರ ಕಂಪ್ಯೂಟರು ಅರ್ಧಕ್ಕೇ ನಿಂತು, ಕೆಂಪು ಅಕ್ಷರದಲ್ಲಿ ಏನೋ ತೋರಿಸಿ ಸುಮ್ಮನಾಗಿತ್ತು. ಅದಕ್ಕೇ ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಮಲಗಿದ್ದ ಗಂಡನ ಫೋನನ್ನೂ ಹಿಡಿದು ರಾಮನಗರ ಬಸ್‌ಸ್ಟ್ಯಾಂಡಿನ ಹಿಂದಿನ ಗಫಾರನ ಈ ರಿಪೇರಿ ಅಂಗಡಿಗೆ ಬಂದಿದ್ದಳು.

"ಒಸಿ ಸರಿಯಾಗಿ ನೋಡಪ್ಪ. ಹೋದ ವಾರ ಹಾಕಿರೋವೇ ಹನ್ನೆರಡವೆ."

ಗಫಾರ್ ಕೇಬಲ್ ಬದಲಿಸಿ ನೋಡಿದ. ಆಮೇಲೆ ಕಂಪ್ಯೂಟರಿನೊಳಗೆ ಒಂದೊಂದೇ ಫೋಲ್ಡರ್ ತೆಗೆಯುತ್ತಾ ಹೋಗಿ, ಒಂದು ಕಡೆ ನಿಂತು ತಲೆ ಕೆರೆದುಕೊಂಡ. "ಈ ಫೋನು ಯಾವಾಗ ತಗಂಡಿದ್ದು?"

"ದೀಪಾವಳೀಲಿ. ಹಳೇದು ಕೊಟ್ಟು ಇದನ್ನ ತಗಂಡ್ರು."

"ಅದೇ ಎಡವಟ್ಟಾಗಿರೋದು. ಕಂಪ್ಯೂಟರಿಗೆ ಹೊಸ ಫೋನಿನ ಗುರುತೇ ಹತ್ತಿಲ್ಲ. ಹಳೇ ಫೋನಿನ ಹೆಸರಲ್ಲಿ ತನ್ನೊಳಗೇ ಒಂದು ಫೋಲ್ಡರ್ ಮಾಡ್ಕಂಡು, ನೀವು ಕೊಟ್ಟಿದ್ದನ್ನೆಲ್ಲ ಅಲ್ಲೇ ತುಂಬ್ಕಂಡು ಕುಂತೈತೆ. ನಿಮಗೆ ಮಾತ್ರ ಆಯ್ತು ಆಯ್ತು ಅಂತ ತೋರಿಸೈತೆ. ದೀಪಾವಳಿಯಿಂದ ಈಚೆಗೆ ಒಂದೂ ಹೋಗಿಲ್ಲ ಅಕ್ಕ."

ಯುಗಾದಿಗೆ ಇನ್ನು ಹತ್ತೇ ದಿನವಿತ್ತು. ಕವನ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಗಂಡ ಬಸವಕುಮಾರನಿಗೆ ಬಿಡದಿಯ ಕಾರ್ಖಾನೆಯಲ್ಲಿ ಖಾಯಂ ಸೆಕೆಂಡ್ ಶಿಫ್ಟು. ಬೆಳಿಗ್ಗೆ ಇವಳು ಗಾರ್ಮೆಂಟ್ಸಿಗೆ ಹೊರಡುವಾಗ ಅವನಿಗೆ ಗಾಢ ನಿದ್ದೆ. ಅವನು ಬರುವಷ್ಟರಲ್ಲಿ ಇವಳಿಗೆ. ತೊಳೆದು ಬೋರಲು ಹಾಕಿದ ತಟ್ಟೆ, ಹಗ್ಗದ ಮೇಲಿನ ಒದ್ದೆ ಟವೆಲು, ಇಂಥವುಗಳಿಂದಲೇ ಒಬ್ಬರು ಮನೆಗೆ ಬಂದು ಹೋದದ್ದು ಇನ್ನೊಬ್ಬರಿಗೆ ತಿಳಿಯಬೇಕು. ಭಾನುವಾರವೂ ಓಟಿ ಶುರುವಾದ ಮೇಲೆ ಉಳಿದದ್ದು ಒಂದು ಬೆಳಗು, ಅದರಲ್ಲೂ ಅರ್ಧ ಅವನ ನಿದ್ದೆಗೇ ಹೋಗುತ್ತಿತ್ತು. ಹಾಡು ತುಂಬುತ್ತಾ ಕವನ, "ಹೋದ ವಾರದವು ಹೆಂಗಿದ್ವು?" ಎಂದು ಕೇಳುವಳು. "ಎಲ್ಲಾ ಚೆನ್ನಾಗಿದ್ವು ಕಣೆ," ಅನ್ನುವನು ಅವನು.

ಸಂಕ್ರಾಂತಿಯ ವಾರ ಅವಳು ಹಾಡುಗಳ ಜೊತೆ ಇನ್ನೊಂದನ್ನೂ ಸೇರಿಸಿದ್ದಳು. ಬಾಗಿಲು ಹಾಕಿಕೊಂಡು, ಮೈಕು ಬಾಯಿಗೆ ಹಿಡಿದು, ಮೂರು ಸಲ ರೆಕಾರ್ಡ್ ಮಾಡಿ ಅಳಿಸಿ, ನಾಲ್ಕನೆಯ ಸಲ ಹೇಳಿದ್ದಳು: "ರೀ, ಈ ಶಿಫ್ಟು ಬುಟ್ಬುಡಿ. ಒಂದೇ ಮನೇಲಿದ್ದೂ ನಾನು ಒಬ್ಬಳೇ ಇದ್ದಂಗೆ ಆಗೈತೆ. ನಂಗೆ ಆಯ್ತಾ ಇಲ್ಲ." ಮುಂದಿನ ಭಾನುವಾರ ಎದೆ ಗಟ್ಟಿ ಮಾಡಿಕೊಂಡು, ಹೆಂಗಿದ್ವು ಎಂದು ಕೇಳಿದಾಗಲೂ ಅವನು ಟೀ ಊದುತ್ತಾ, "ಎಲ್ಲಾ ಚೆನ್ನಾಗಿದ್ವು," ಎಂದಿದ್ದ. ಅದೇ ಉತ್ತರವೆಂದು ತಿಳಿದು ಅವಳು ಆ ಮಾತನ್ನು ಮತ್ತೆ ಎತ್ತಿರಲಿಲ್ಲ. ಎರಡು ತಿಂಗಳು ಗಂಡನ ಮುಖವನ್ನು ನೆಟ್ಟಗೆ ನೋಡಿರಲೂ ಇಲ್ಲ.

"ಹಾಡೆಲ್ಲಾ ಈಗ ಸರಿಯಾಗಿ ಫೋನಿಗೆ ಹೋಗ್ತಾ ಅವೆ," ಎಂದ ಗಫಾರ್. "ಇದೊಂದಕ್ಕೆ ಹೆಸರಿಲ್ಲ. ಏನಂತ ಕೇಳೋಣ ಇರಿ."

ಕವನ ಚಟಕ್ಕನೆ ಎದ್ದು ಮೌಸಿನ ಮೇಲೆ ಕೈಯಿಟ್ಟಳು. "ಕೇಳಬ್ಯಾಡಪ್ಪ. ಹಂಗೇ ಹಾಕು."

ಮನೆ ತಲುಪಿದಾಗ ಬಸವಕುಮಾರ್ ಹೊಸ್ತಿಲ ಮೇಲೆ ಕುಳಿತು ಶೂ ಕಟ್ಟುತ್ತಿದ್ದ. ಅವಳು ಫೋನನ್ನು ಕೈಗೆ ಕೊಡದೆ ಕೇಳಿದಳು, "ದೀಪಾವಳಿಯಿಂದ ಒಂದು ಹಾಡೂ ಬಂದಿಲ್ವಂತೆ ಇದರೊಳಕ್ಕೆ. ವಾರವಾರವೂ ಚೆನ್ನಾಗಿದ್ವು ಅಂತಿದ್ರಲ್ಲ, ಏನು ಚೆನ್ನಾಗಿದ್ದಿದ್ದು?"

ಲೇಸು ಕಟ್ಟುತ್ತಿದ್ದ ಬೆರಳು ನಿಂತವು.

"ನಿಂಗೆ ವಾರಕ್ಕೊಂದು ರಜ. ಅದ್ರಲ್ಲೂ ನಂಗೋಸ್ಕರ ಅಷ್ಟೊತ್ತು ಕುಂತು ಹಾಕ್ತಿದ್ದೆ. ಬಂದಿಲ್ಲ ಅಂತ ಹೆಂಗೆ ಹೇಳ್ಲಿ? ಮುಂದಿನ ವಾರ ಬಂದಾವು ಅನ್ಕತಿದ್ದೆ. ಆಮೇಕೆ... ಹೇಳಕ್ಕೆ ನಾಚಿಕೆ ಆಗೋಯ್ತು."

"ಬಸ್ಸಲ್ಲಿ ದಿನಾ ಏನು ಕೇಳ್ಕಂಡು ಹೋಗ್ತಿದ್ರಿ ಮತ್ತೆ?"

"ಏನೂ ಇಲ್ಲ. ಕಿವೀಗೆ ವೈರು ಸಿಗಿಸ್ಕಂಡು ಕಣ್ಮುಚ್ತಿದ್ದೆ. ಹಂಗಿದ್ರೆ ಯಾರೂ ಮಾತಾಡ್ಸಲ್ಲ."

ಕವನಳಿಗೆ ಸಿಟ್ಟು ಬರಬೇಕಿತ್ತು. ಎಲ್ಲಿಂದಲೂ ಬರಲಿಲ್ಲ. ಶಿಫ್ಟಿನ ಆ ಮಾತನ್ನು ಈಗಲೇ ಬಾಯಿಬಿಟ್ಟು ಹೇಳಿಬಿಡೋಣವೆಂದು ತುಟಿ ತೆರೆದಳು; ಅಷ್ಟರಲ್ಲಿ ಮೇನ್ ರೋಡಿನಿಂದ ಕಂಪನಿ ಬಸ್ಸಿನ ಹಾರನ್ ಎರಡು ಸಲ ಕೇಳಿಸಿತು. ಅವನು ಎದ್ದ. ಅವಳು ಫೋನು ಕೊಟ್ಟಳು. "ಹೆಸರಿಲ್ದೆ ಇರೋದು ಒಂದೈತೆ. ಅದನ್ನ ಮೊದ್ಲು ಕೇಳಿ."

ಅವನು ಬೀದಿಯ ತಿರುವಿನವರೆಗೂ ಓಡಿಕೊಂಡೇ ಹೋದ.

ಅವಳು ಅನ್ನಕ್ಕಿಟ್ಟು, ಇಟ್ಟದ್ದನ್ನು ಮರೆತು, ಅಡುಗೆಮನೆಯಲ್ಲಿ ನಿಂತಿದ್ದಳು. ಹತ್ತು ನಿಮಿಷವಾಗಿತ್ತೋ ಏನೋ, ಅವಳ ಮೊಬೈಲು ಬಡಿದುಕೊಂಡಿತು. ಕಿವಿಗಿಟ್ಟಳು. ಬಸ್ಸಿನ ಸದ್ದು, ಹಿಂದೆ ಯಾರೋ ಜೋರಾಗಿ ನಗುವ ಸದ್ದು, ಅದರ ಮಧ್ಯೆ ಅವನ ಉಸಿರು. ಅವನು ಮಾತಾಡಲಿಲ್ಲ. ಇವಳೂ ಹಲೋ ಅನ್ನಲಿಲ್ಲ. ಒಲೆಯ ಮೇಲೆ ಅನ್ನ ಉಕ್ಕಿ ಸುರಿಯಿತು. ಅವಳು ಕಿವಿಯಿಂದ ಫೋನು ತೆಗೆಯದೆ ಒಂದೇ ಕೈಯಲ್ಲಿ ಗ್ಯಾಸು ಆರಿಸಿದಳು. ಸದ್ದಿನಲ್ಲೇ ಅವಳಿಗೆ ದಾರಿ ತಿಳಿಯುತ್ತಿತ್ತು: ಹೆದ್ದಾರಿ, ಅಂಡರ್‌ಪಾಸು, ಮತ್ತೆ ಹೆದ್ದಾರಿ. ದಾರಿಯುದ್ದಕ್ಕೂ ಇಬ್ಬರೂ ಲೈನಿನಲ್ಲೇ ಇದ್ದರು. ಕೊನೆಗೆ ಬಸ್ಸು ನಿಧಾನವಾದದ್ದು ಅವಳಿಗೆ ಕೇಳಿಸಿತು.

"ಗೇಟು ಬಂತು," ಎಂದ ಅವನು. "ಸೆಕ್ಯೂರಿಟಿ ಹತ್ರ ಫೋನು ಕೊಡ್ಬೇಕು."