ಗೊತ್ತಿಲ್ಲ

ಇಳಕಲ್ಲಿನಿಂದ ಹೊರಟ ಬಸ್ಸಿನಲ್ಲಿ ಭುವನೇಶ್ವರಿ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಮುಂಜಾನೆ ಗಂಡನ ತಾಟಿಗೆ ರೊಟ್ಟಿ ಹಾಕಿ, "ಇನ್ನ ನಾ ಕೂಡಲಸಂಗಮದಾಗ ಇರ್ತೇನ್ರಿ. ನಾ ಯಾರಂತ ನೋಡಬೇಕಾಗೇತಿ" ಎಂದವಳೇ, ಎರಡು ಸೀರೆಯ ಚೀಲ ಎತ್ತಿಕೊಂಡು ಬಂದುಬಿಟ್ಟಿದ್ದಳು. ಸೀರೆ ಅಂಗಡಿ, ಹೊಸ ಮನೆ, ಸೊಂಟದ ಕೀಲಿಗೊಂಚಲು ಎಲ್ಲ ಹಿಂದೆ ಉಳಿದಿದ್ದವು. ಐವತ್ತರ ಹೊಸ್ತಿಲಲ್ಲಿ ಜೋಕಾಲಿ ಜೀಕುವ ಹುಡುಗಿಯಂತಾಗಿದ್ದಳು.

"ಸೊಸಿ ಸಂಗಟ ಜಗಳೇನವಾ?" ಅವಳು ಮನೆ ಬಿಟ್ಟು ಹೊರಟ ಸಂಗತಿ ತಿಳಿದು, ಪಕ್ಕದಲ್ಲಿ ಕೂತಿದ್ದ ಮುದುಕಿ ಮಾಬುಬಿ ಕೇಳಿದಳು.

"ಇಲ್ಲಬೇ. ಸೊಸಿ ಬಂಗಾರದಂಥಾಕಿ."

"ಗಂಡ ಕುಡಿತಾನ?"

"ಚಾ ಸೈತ ಸಕ್ರಿ ಇಲ್ಲದ್ದು ಕುಡಿತಾನ!"

ಇಬ್ಬರೂ ಬಿದ್ದುಬಿದ್ದು ನಕ್ಕರು. ಕಾರಣವೇ ಇಲ್ಲದೆ ಮನೆ ಬಿಟ್ಟವಳನ್ನು ಮಾಬುಬಿ ಆವರೆಗೆ ಕಂಡಿರಲಿಲ್ಲ.

ಹುನಗುಂದ ನಿಲ್ದಾಣದಲ್ಲಿ ಬಸ್ಸು ನಿಂತಿತೋ ಇಲ್ಲವೋ, ಗಂಡ ಚೇತನಕುಮಾರ ಏದುಸಿರು ಬಿಡುತ್ತ ಹತ್ತಿದ. ಸ್ಕೂಟರಿನಲ್ಲಿ ಬೆನ್ನುಹತ್ತಿ ಬಂದಿದ್ದ. ತಲೆಯ ಮೇಲೆ ಹೆಲ್ಮೆಟ್ಟು ಹಾಗೇ ಇತ್ತು.

"ಇಳಿ ಕೆಳಗ. ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ."

ಅವನ ದನಿ ಕುಗ್ಗಿತು. "ನನ್ನದೇನರ ತಪ್ಪಾಗೇತೇನು?"

"ಹಸಿವಾದ್ರ ಯಾರ ತಪ್ಪಂತ ಕೇಳ್ತಾರೇನ್ರಿ? ಹಸಿವಾಗೇತಿ, ಹೊಂಟೇನಿ."

"ಯಾವಾಗ ಬರ್ತಿ?"

"ಗೊತ್ತಿಲ್ಲ."

ಆ ಮಾತು ನಾಲಿಗೆಯಿಂದ ಜಾರಿದ್ದೇ ತಡ, ಭುವನೇಶ್ವರಿಗೆ ಮತ್ತೆ ನಗು ಉಕ್ಕಿತು. ಯಾವ ಸೀರೆ ಯಾವ ಕಪಾಟಿನಲ್ಲಿದೆ, ಯಾರ ಮದುವೆ ಯಾವಾಗ, ಯಾರಿಗೆ ಯಾವ ಗುಳಿಗೆ, ಇಷ್ಟು ವರ್ಷ ಎಲ್ಲವೂ ಅವಳಿಗೇ ಗೊತ್ತಿರಬೇಕಿತ್ತು. ಗೊತ್ತಿಲ್ಲ ಎನ್ನುವುದು ಇಷ್ಟು ರುಚಿಯೆಂದು ಮಾತ್ರ ಗೊತ್ತಿರಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಚೇತನಕುಮಾರ ಇಳಿದು ಕಿಟಕಿಯ ಹತ್ತಿರ ಬಂದ. ಬೈಯುತ್ತಾನೆಂದು ಅವಳು ಕಾಯುತ್ತಿದ್ದರೆ, ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ:

"ಅಲ್ಲಿ ಏನರ ಸಿಕ್ರ ನನಗೂ ಹೇಳು. ಅಂಗಡ್ಯಾಗ ಕುಂತಾಗೆಲ್ಲ ನಾ ಯಾರಂತ ನನಗೂ ಅನಸ್ತೈತಿ. ನಿನ್ನ ಮುಂದ ಹ್ಯಾಂಗ ಹೇಳೂದಂತ ತಿಳೀಲಿಲ್ಲ."

ಬಸ್ಸು ಹೊರಟಿತು. ಭುವನೇಶ್ವರಿ ಕಿಟಕಿಯ ಸರಳುಗಳಿಗೆ ಮುಖ ಒತ್ತಿ, ಇಷ್ಟು ವರ್ಷ ಅಂಗಡಿಯ ಒಂದೇ ಗಲ್ಲಾಪೆಟ್ಟಿಗೆಯ ಹಿಂದೆ ತನ್ನ ಪಕ್ಕದಲ್ಲಿ ಕೂತಿದ್ದ ಆ ಅಪರಿಚಿತ, ದೂಳಿನಲ್ಲಿ ಕೈಬೀಸುತ್ತ ದೂರವಾಗಿ ಚಿಕ್ಕವನಾಗಿ ಕಾಣುವುದನ್ನು ಕಣ್ಣು ಮಿಟುಕಿಸದೆ ನೋಡಿದಳು.