ನಂಬಿಕೆ ವಾಪಸು

ನನ್ನ ಮನೆದೇವರು ಚೌಡಮ್ಮ, ಗಂಡ ಆಲ್ವಿನ್‌ನದು ಶಿಲುಬೆ ಎಂದು ಮನೆಯಲ್ಲಿ ದಿನವೂ ಜಗಳ. ಸಲಹಾ ಕೇಂದ್ರದವರು ಎಲ್ಲ ದಂಪತಿಗಳಿಗೂ ಮಾಡುವಂತೆ ನಮ್ಮ ನಂಬಿಕೆಗಳನ್ನೂ ಎರಡು ವಾರಕ್ಕೆ ಅದಲು ಬದಲು ಮಾಡಿದರು. ಅವನದು ನನಗೆ ಅಳತೆ ತಪ್ಪಿದ ರವಿಕೆಯಂತೆ ಕಂಕುಳಲ್ಲಿ ಬಿಗಿಯುತ್ತಿತ್ತು. ನನ್ನದು ಅವನಿಗೆ ಹೇಳಿ ಹೊಲಿಸಿದಂತೆ ಕೂತುಬಿಟ್ಟಿತು. ನಾನು ಮೊಬೈಲ್ ನೋಡುತ್ತಲೇ ಹಚ್ಚುತ್ತಿದ್ದ ದೀಪವನ್ನು ಅವನು ಸ್ನಾನ ಮಾಡಿ ಹಚ್ಚಿದ. ಚೌಡಮ್ಮನ ಮುಂದೆ ಕೂತು ಒಬ್ಬನೇ ನಗುತ್ತಿದ್ದ.

"ಏನಂದ್ಲು?" ಎಂದು ಕೇಳಿದೆ.

"ಅದು ನಮ್ಮಿಬ್ರ ಮಾತು, ಬಿಡು."

ಹೊಟ್ಟೆ ಉರಿಯಿತು. ಅವಧಿ ಮುಗಿಯುವ ಮೊದಲೇ ಅವನನ್ನು ಕೇಂದ್ರಕ್ಕೆ ಎಳೆದೊಯ್ದು, ನನ್ನ ನಂಬಿಕೆಯನ್ನು ಮರಳಿ ಹಾಕಿಸಿಕೊಂಡೆ.

ಸಂಜೆ ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ ಕೈಮುಗಿದೆ. ಮೂವತ್ತೆಂಟು ವರ್ಷ ನನ್ನೊಡನೆ ತುಟಿ ಬಿಚ್ಚದ ಚೌಡಮ್ಮ ಮೊದಲ ಬಾರಿ ಮಾತಾಡಿದಳು.

"ಎಲ್ಲೇ ಅವನು?"